ಎರಡು ಪ್ಯಾನೆಲ್, ಒಂದು ಜನರೇಟರ್, ಎರಡು ವರ್ಷ: ನಮ್ಮ ಆರ್‌ವಿ ಸೋಲಾರ್ ಕಿಟ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಈ ಕಿಟ್‌ಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಮೊದಲ ಮೂರು ತಿಂಗಳಲ್ಲಿ ಕೇಳಿದ್ದರೆ ಒಂದು ಕೊಡುತ್ತಿದ್ದೆ, ಅದೂ ಬೈದುಕೊಂಡು. ಆಮೇಲೆ ಕಿಟ್ ಏನೂ ಬದಲಾಗಲಿಲ್ಲ. ಅದೇ ಪ್ಯಾನೆಲ್, ಅದೇ ಕಂಟ್ರೋಲರ್, ಅದೇ ಜನರೇಟರ್. ಬದಲಾಗಿದ್ದು ನಾವು ಬಳಸುವ ರೀತಿ, ಜೊತೆಗೆ ಕಿಟ್‌ನಲ್ಲಿ ಇಲ್ಲದ ಒಂದು ಚಾರ್ಜರ್ ಮತ್ತು ಒಂದಿಷ್ಟು ದಪ್ಪ ವೈರ್.

ನಮ್ಮದು ಸಾಧಾರಣ ಸೈಜಿನ ಆರ್‌ವಿ, ಅಂದರೆ ಒಳಗೇ ಮನೆ ಇರುವ ಮೋಟರ್‌ಹೋಮ್. ಕರೆಂಟ್ ಕನೆಕ್ಷನ್ ಇಲ್ಲದ ಜಾಗದಲ್ಲಿ ಒಂದೊಂದು ಸಲ ಹತ್ತು ಹದಿನೈದು ದಿನ ನಿಂತುಬಿಡುತ್ತೇವೆ. ಬ್ಯಾಟರಿ ಅಂದರೆ ಗಾಲ್ಫ್ ಕಾರ್ಟ್‌ನಲ್ಲಿ ಹಾಕುವಂಥ 6 ವೋಲ್ಟ್‌ನವು ಎರಡು, ಸೀರೀಸ್‌ನಲ್ಲಿ ಜೋಡಿಸಿ 12 ವೋಲ್ಟ್ ಮಾಡಿದ್ದು, 220 ಆಂಪ್ ಅವರ್ (ಒಂದು ಆಂಪ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪ್ ಅವರ್). ಲೆಡ್ ಆಸಿಡ್, ಡಿಸ್ಟಿಲ್ಡ್ ವಾಟರ್ ಹಾಕುವ ಹಳೇ ಕಾಲದ ಜಾತಿ. ಇದರಲ್ಲಿ ಅರ್ಧ ಮಾತ್ರ ಬಳಸಬೇಕು, ಅಂದರೆ 110. ಅದಕ್ಕಿಂತ ಕೆಳಗೆ ದಿನಾ ಇಳಿಸಿದರೆ ಆಯುಸ್ಸು ಬೇಗ ಮುಗಿಯುತ್ತದೆ. ಕಿಟ್‌ನಲ್ಲಿ ಬಂದಿದ್ದು 200 ವಾಟ್‌ನ ಎರಡು ಪ್ಯಾನೆಲ್, 30 ಆಂಪ್‌ನ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ನ ಕರೆಂಟನ್ನು ಬ್ಯಾಟರಿಗೆ ತಕ್ಕ ಹಾಗೆ ಮಾಡಿ ಕೊಡುವ ಡಬ್ಬ), ಬ್ಯಾಟರಿ ಶೇಕಡ ಎಷ್ಟು ತುಂಬಿದೆ ಅಂತ ತೋರಿಸುವ ಒಂದು ಮಾನಿಟರ್. ಜನರೇಟರ್ ಬೇರೆ ಕೊಂಡಿದ್ದು, ಇನ್ವರ್ಟರ್ ಟೈಪಿನದು, ಬಿಡದೆ 1600 ವಾಟ್ ಕೊಡುತ್ತದೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಯಾಕೆಂದರೆ ನಾನು ಹೇಳುವ ಮಾತು ಹೆಚ್ಚುಕಡಿಮೆ ಯಾವ ಕಂಪನಿಯ ಸಾಮಾನಿಗೂ ಹೊಂದುತ್ತದೆ.

ನಮ್ಮ ಖರ್ಚು ದಿನಕ್ಕೆ 75ರಿಂದ 80 ಆಂಪ್ ಅವರ್. ಅದರಲ್ಲಿ ಅರ್ಧ 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ ಒಂದೇ ತಿನ್ನುತ್ತದೆ. ಉಳಿದಿದ್ದು ಫ್ಯಾನ್, ಎಲ್‌ಇಡಿ ಲೈಟ್, ನೀರಿನ ಪಂಪ್, ಎರಡು ಲ್ಯಾಪ್‌ಟಾಪ್, ಫೋನ್. ಚಳಿಗಾಲದಲ್ಲಿ ಗ್ಯಾಸ್ ಹೀಟರ್ ಹಾಕಿದರೆ ಅದರ ಬ್ಲೋವರ್ 7 ಆಂಪ್ ಎಳೆಯುತ್ತದೆ, ರಾತ್ರಿ ಒಟ್ಟು ನಾಲ್ಕು ಗಂಟೆ ಓಡಿದರೂ ಇನ್ನೊಂದು 28 ಹೋಯಿತು. ಗ್ಯಾಸ್ ಹೀಟರ್ ತಾನೇ, ಕರೆಂಟ್ ಯಾಕೆ ಬೇಕು ಅಂತ ನಾನೂ ಅಂದುಕೊಂಡಿದ್ದೆ. ಇನ್ನೊಂದು ಗುಟ್ಟಿನ ಕಳ್ಳ ಗಾಡಿಯೊಳಗಿನ ಇನ್ವರ್ಟರ್, ಬ್ಯಾಟರಿಯ 12 ವೋಲ್ಟನ್ನು ಮನೆಯ ಕರೆಂಟಿನ ಹಾಗೆ ಮಾಡುವ ಡಬ್ಬ. ಏನೂ ಪ್ಲಗ್ ಹಾಕದೆ ಸುಮ್ನೆ ಆನ್ ಇಟ್ಟರೂ ನಮ್ಮದು ಗಂಟೆಗೆ ಒಂದೂವರೆ ಆಂಪ್ ಅವರ್ ನುಂಗುತ್ತದೆ. ರಾತ್ರಿ ಆಫ್ ಮಾಡುವುದನ್ನು ಮರೆತರೆ ಬೆಳಗಾಗುವಷ್ಟರಲ್ಲಿ 15 ಆಂಪ್ ಅವರ್ ಖಾಲಿ, ಒಂದು ಬಲ್ಬ್ ಕೂಡ ಉರಿಯದೆ!

ಈಗ ಪ್ಯಾನೆಲ್ ವಿಷಯ. 400 ವಾಟ್ ಅಂತ ಡಬ್ಬದ ಮೇಲೆ ಬರೆದಿರುತ್ತದೆ, ನನಗೆ ಒಂದು ದಿನವೂ 400 ಕಂಡಿಲ್ಲ. ಆ ಸಂಖ್ಯೆ ಲ್ಯಾಬ್‌ನಲ್ಲಿ, ಸೆಲ್ ತಾಪಮಾನ 25 ಡಿಗ್ರಿ ಇದ್ದಾಗ ಅಳೆದಿದ್ದು. ಬಿಸಿಲಲ್ಲಿ ಛಾವಣಿ ಮೇಲೆ ಮಲಗಿರುವ ಪ್ಯಾನೆಲ್ ಮುಟ್ಟಿ ನೋಡಿ, ಕೈ ಸುಡುತ್ತದೆ. 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿ ಹೆಚ್ಚಾದ ಹಾಗೂ ಸುಮಾರು ಶೇಕಡ 0.3ರಿಂದ 0.4ರಷ್ಟು ಶಕ್ತಿ ಕಮ್ಮಿಯಾಗುತ್ತದೆ. ಸೆಲ್ 60 ಡಿಗ್ರಿಗೆ ಹೋದರೆ ಶೇಕಡ ಹತ್ತಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಜೊತೆಗೆ ನಮ್ಮದು ಚಪ್ಪಟೆಯಾಗಿ ಮಲಗಿಸಿದ ಪ್ಯಾನೆಲ್, ಸೂರ್ಯನ ಕಡೆ ಓರೆ ಮಾಡಿದ್ದಲ್ಲ. ಒಳ್ಳೇ ಬಿಸಿಲಿನ ಮಧ್ಯಾಹ್ನ ನನಗೆ ಕಾಣುವುದು 300, 310. ಬಿಸಿಲುಗಾಲದಲ್ಲಿ ದಿನಕ್ಕೆ ನೂರು ಆಂಪ್ ಅವರ್ ಸಿಗುತ್ತದೆ, ನಮ್ಮ ಖರ್ಚಿಗೆ ಸಾಕು. ದಟ್ಟ ಮೋಡ ಇದ್ದ ದಿನ 15, 20 ಬಂದರೆ ದೊಡ್ಡದು. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲೇ ಓಡಾಡುವ ಕಡೆ ನಿಂತಿದ್ದಾಗ ಬಿಸಿಲಿದ್ದರೂ ಅರ್ಧಕ್ಕಿಂತ ಕಮ್ಮಿ. ಜನರೇಟರ್ ಬೇಕಾಗುವುದು ಅವಾಗಲೇ.

ನೆರಳಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ಕಣ್ಣಾರೆ ನೋಡುವ ತನಕ ನಾನು ನಂಬಿರಲಿಲ್ಲ. ಒಂದು ದಿನ ಹನ್ನೊಂದು ಗಂಟೆಗೆ ಏಣಿ ಹಾಕಿಕೊಂಡು ಮೇಲೆ ಹತ್ತಿದೆ, ಒಂದು ಕೈಯಲ್ಲಿ ಫೋನ್, ಅದರಲ್ಲಿ ಕಂಟ್ರೋಲರ್‌ನ ಆಪ್, ಹೆಗಲ ಮೇಲೆ ಸ್ನಾನದ ಟವೆಲ್. ಆಪ್‌ನಲ್ಲಿ 310 ವಾಟ್ ತೋರಿಸುತ್ತಿತ್ತು. ಟವೆಲ್ ಮಡಚಿ ಒಂದು ಪ್ಯಾನೆಲ್‌ನ ಗಿಡ್ಡ ಅಂಚಿಗೆ ಅಡ್ಡಲಾಗಿ ಹಾಸಿದೆ, ಮುಚ್ಚಿದ್ದು ಒಂದೇ ಸಾಲು, ನಾಲ್ಕೇ ಸೆಲ್. 155ಕ್ಕೆ ಬಿತ್ತು! ಒಂದು ಇಡೀ ಪ್ಯಾನೆಲ್ ಸತ್ತ ಹಾಗೆ. ಅದೇ ಟವೆಲ್ ತೆಗೆದು ಉದ್ದದ ಅಂಚಿಗೆ ಹಾಸಿದಾಗ 230ರ ಹತ್ತಿರ ನಿಂತಿತು, ಮುಚ್ಚಿದ ಸೆಲ್ ಮುಂಚಿಗಿಂತ ಜಾಸ್ತಿ ಇದ್ದರೂ. ಕಾರಣ ಸುಲಭ. ನಮ್ಮ ಪ್ಯಾನೆಲ್‌ನಲ್ಲಿ 36 ಸೆಲ್, ನಾಲ್ಕು ಉದ್ದ ಸಾಲು. ಎರಡೆರಡು ಸಾಲಿಗೆ ಒಂದು ಬೈಪಾಸ್ ಡಯೋಡ್, ಅಂದರೆ ನೆರಳು ಬಿದ್ದ ಸಾಲುಗಳನ್ನು ಬಿಟ್ಟು ಕರೆಂಟನ್ನು ಪಕ್ಕದಿಂದ ಹಾಯಿಸುವ ಬಿಡಿಭಾಗ. ಗಿಡ್ಡ ಅಂಚಿಗೆ ನೆರಳು ಬಿದ್ದರೆ ನಾಲ್ಕೂ ಸಾಲಿಗೆ ತಗಲುತ್ತದೆ, ಎರಡೂ ಡಯೋಡ್ ಆ ಪ್ಯಾನೆಲ್ಲನ್ನೇ ಬದಿಗಿಡುತ್ತವೆ. ಉದ್ದದ ಅಂಚಿಗೆ ಬಿದ್ದರೆ ಅರ್ಧ ಪ್ಯಾನೆಲ್ ಮಾತ್ರ. ಅವತ್ತಿನಿಂದ ನಾನು ಗಾಡಿ ನಿಲ್ಲಿಸುವಾಗ ಛಾವಣಿಯ ಏಸಿ ಡಬ್ಬದ ನೆರಳು ಮಧ್ಯಾಹ್ನ ಯಾವ ಕಡೆ ಬೀಳುತ್ತದೆ ಅಂತ ನೋಡಿಯೇ ನಿಲ್ಲಿಸುತ್ತೇನೆ. ನನ್ನ ಹೆಂಡತಿಗೆ ಇದು ಹುಚ್ಚು ಅನಿಸುತ್ತದೆ. "ಜನ ವ್ಯೂ ನೋಡಿ ನಿಲ್ಲಿಸ್ತಾರೆ, ನೀವು ನೆರಳು ನೋಡಿ ನಿಲ್ಲಿಸ್ತೀರಿ" ಅಂತಾಳೆ.

ಕಂಟ್ರೋಲರ್ ಬಗ್ಗೆ ದೂರಿಲ್ಲ, ಒಂದು ವಿಷಯ ಬಿಟ್ಟು. ಎಂಪಿಪಿಟಿ ಬೇಕಾ, ಕಮ್ಮಿ ಬೆಲೆಯ ಪಿಡಬ್ಲ್ಯೂಎಂ ಜಾತಿಯ ಕಂಟ್ರೋಲರ್ ಸಾಕಾ ಅಂತ ಕೇಳುವವರಿಗೆ ಇಷ್ಟೇ: 12 ವೋಲ್ಟ್‌ನದು ಅನ್ನುವ ಪ್ಯಾನೆಲ್ ನಿಜವಾಗಿ ಚೆನ್ನಾಗಿ ಕೆಲಸ ಮಾಡುವುದು 18 ವೋಲ್ಟ್ ಆಸುಪಾಸಿನಲ್ಲಿ. ಪಿಡಬ್ಲ್ಯೂಎಂ ಅದನ್ನು ಬ್ಯಾಟರಿಯ 13 ವೋಲ್ಟ್‌ಗೆ ಎಳೆದು ಕಟ್ಟಿಹಾಕುತ್ತದೆ, ನಡುವಿನ 5 ವೋಲ್ಟ್ ದಂಡ. ಎಂಪಿಪಿಟಿ ಆ ಹೆಚ್ಚಿನ ವೋಲ್ಟನ್ನು ಆಂಪ್ ಮಾಡಿ ಕೊಡುತ್ತದೆ. ಒಂದೇ ಚಿಕ್ಕ ಪ್ಯಾನೆಲ್ ಇದ್ದರೆ ತಲೆಕೆಡಿಸಿಕೊಳ್ಳಬೇಡಿ, 400 ವಾಟ್‌ಗೆ ಎಂಪಿಪಿಟಿಯೇ ಸರಿ. ಹಾಕುವಾಗ ಮೊದಲು ಬ್ಯಾಟರಿ ಜೋಡಿಸಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ.

ಆ ಒಂದು ವಿಷಯ ಏನೆಂದರೆ, ಫ್ಯಾಕ್ಟರಿ ಸೆಟ್ಟಿಂಗ್. ಮೂರು ತಿಂಗಳು ಮಾನಿಟರ್ ದಿನಾ ಸಂಜೆ 100 ತೋರಿಸುತ್ತಿತ್ತು, ಆದರೂ ಬೆಳಗಿನ ಜಾವ ಮೂರು ಗಂಟೆಗೆ "ರೀ, ಫ್ರಿಜ್ ಬೀಪ್ ಅಂತಿದೆ, ಎದ್ದು ನೋಡಿ" ಅಂತ ನನ್ನನ್ನು ಎಬ್ಬಿಸುವುದು ವಾರಕ್ಕೆರಡು ಸಲ ಆಗುತ್ತಿತ್ತು. ಟಾರ್ಚ್ ಹಿಡಿದು ನೋಡಿದರೆ 11.6 ವೋಲ್ಟ್. ಕೊನೆಗೆ ಆಸಿಡ್‌ನ ಸಾಂದ್ರತೆ ಅಳೆದು ಬ್ಯಾಟರಿ ಎಷ್ಟು ತುಂಬಿದೆ ಅಂತ ಹೇಳುವ ಒಂದು ಹೈಡ್ರೋಮೀಟರ್ ತಂದೆ, ಗಾಜಿನ ಕೊಳವೆ, ಮೇಲೆ ರಬ್ಬರ್ ಬುರುಡೆ ಇರುತ್ತದಲ್ಲ, ಅದು. ಒಂದು ಸಂಜೆ, ಮಾನಿಟರ್ 100 ಅನ್ನುತ್ತಿದ್ದಾಗ, ಕ್ಯಾಪ್ ಬಿಚ್ಚಿ ಆಸಿಡ್ ಎಳೆದು ಕಣ್ಣಿನ ಮಟ್ಟಕ್ಕೆ ಹಿಡಿದೆ. ಪೂರ್ತಿ ತುಂಬಿದ್ದರೆ 1.265ರ ಮೇಲೆ ಇರಬೇಕು. ತೇಲುಬುರುಡೆ 1.225ರಲ್ಲಿ ನಿಂತಿತ್ತು. ಆರೂ ಸೆಲ್‌ನಲ್ಲಿ ಹೆಚ್ಚುಕಡಿಮೆ ಅದೇ. ಅಂದರೆ ನಮ್ಮ 'ಫುಲ್' ನಿಜವಾಗಿ ಮುಕ್ಕಾಲು.

ಬ್ಯಾಟರಿ ಜೊತೆ ಬಂದ ಕಾಗದದಲ್ಲಿ ಅಬ್ಸಾರ್ಪ್ಷನ್ ವೋಲ್ಟೇಜ್ (ಕೊನೆಯ ಭಾಗ ತುಂಬಲು ಹಿಡಿದಿಡುವ ವೋಲ್ಟೇಜ್) 14.8 ಅಂತ ಇದೆ. ಕಂಟ್ರೋಲರ್ ಬಂದಿದ್ದು 14.4ರಲ್ಲಿ, ಅದೂ ಸ್ವಲ್ಪ ಹೊತ್ತು ಹಿಡಿದು ಫ್ಲೋಟ್‌ಗೆ, ಅಂದರೆ ತುಂಬಿದ ಬ್ಯಾಟರಿಯನ್ನು ಹಾಗೇ ಕಾಯ್ದಿಡುವ ಕಡಿಮೆ ವೋಲ್ಟೇಜ್‌ಗೆ, ಜಾರಿಬಿಡುವ ಹಾಗೆ. ಎರಡನ್ನೂ ಆಪ್‌ನಲ್ಲಿ ಬದಲಾಯಿಸಿದೆ, ಎರಡು ನಿಮಿಷದ ಕೆಲಸ. ಮಾನಿಟರ್‌ಗೂ ಯಾವಾಗ ಫುಲ್ ಅನ್ನಬೇಕು ಅಂತ ಹೊಸದಾಗಿ ಹೇಳಿಕೊಟ್ಟೆ. ನಾಲ್ಕೈದು ಬಿಸಿಲಿನ ದಿನ ಕಳೆದ ಮೇಲೆ ಹೈಡ್ರೋಮೀಟರ್ 1.260 ದಾಟಿತು. ಲೆಡ್ ಆಸಿಡ್ ಅರೆಹೊಟ್ಟೆಯಲ್ಲಿ ಬಹಳ ದಿನ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಮೂರು ತಿಂಗಳಿಗೇ ಗೊತ್ತಾಯಿತಲ್ಲ, ನಮ್ಮ ಪುಣ್ಯ. ಕಿಟ್ ಮಾರಿದವರು ಇದನ್ನು ಒಂದು ಸಾಲಿನಲ್ಲಿ ಬರೆದಿಡಬಹುದಿತ್ತು. ಕಳೆದ ಒಂದು ಅಂಕ ಇದಕ್ಕೇ.

ಮಾನಿಟರ್‌ನ ಇನ್ನೊಂದು ತಪ್ಪು ಪೂರ್ತಿ ನನ್ನದೇ. ಶಂಟ್ ಅನ್ನುವ ತಾಮ್ರ, ಹಿತ್ತಾಳೆಯ ಗಟ್ಟಿ ತುಂಡು ಬ್ಯಾಟರಿಯ ನೆಗೆಟಿವ್‌ನಲ್ಲಿ ಕೂರುತ್ತದೆ, ಅದರ ಮೂಲಕ ಹಾದುಹೋಗುವ ಕರೆಂಟನ್ನಷ್ಟೇ ಮಾನಿಟರ್ ಎಣಿಸುತ್ತದೆ. ನಾನು ಇನ್ವರ್ಟರ್‌ನ ನೆಗೆಟಿವ್ ವೈರನ್ನು ಸೀದಾ ಬ್ಯಾಟರಿ ಟರ್ಮಿನಲ್‌ಗೆ ಬಿಗಿದಿದ್ದೆ. ಹಾಗಾಗಿ ಲ್ಯಾಪ್‌ಟಾಪ್ ತಿಂದಿದ್ದೆಲ್ಲ ಲೆಕ್ಕಕ್ಕೇ ಬರಲಿಲ್ಲ. ನಿಮ್ಮ ಮಾನಿಟರ್ ಸುಳ್ಳು ಹೇಳುತ್ತಿದೆ ಅನಿಸಿದರೆ ಬ್ಯಾಟರಿಯ ನೆಗೆಟಿವ್ ಬೋಲ್ಟ್ ನೋಡಿ. ಅಲ್ಲಿ ಶಂಟ್‌ಗೆ ಹೋಗುವ ಒಂದೇ ಒಂದು ವೈರ್ ಇರಬೇಕು.

ಜನರೇಟರ್‌ಗೆ ಬರೋಣ. ಕೊಂಡ ಮೊದಲ ವಾರ, ಮೋಡದ ದಿನ. ಜನರೇಟರ್‌ನ ಮುಖದ ಮೇಲೆ 12 ವೋಲ್ಟ್ ಡಿಸಿ ಅಂತ ಒಂದು ಸಾಕೆಟ್, ಜೊತೆಗೆ ಕೆಂಪು ಕಪ್ಪು ಕ್ಲಿಪ್ ಇರುವ ಕೇಬಲ್. ಬ್ಯಾಟರಿ ಚಾರ್ಜಿಂಗ್‌ಗೆ ಅಂತಲೇ ಕೊಟ್ಟಿದ್ದಾರೆ ಅಂತ ಅದನ್ನೇ ಹಾಕಿದೆ. ಬೆಳಿಗ್ಗೆಯಿಂದ ಐದು ಗಂಟೆ ಓಡಿಸಿದೆ. ಬ್ಯಾಟರಿಗೆ ಹೋಗಿದ್ದು 40 ಆಂಪ್ ಅವರ್ ಕೂಡ ಇಲ್ಲ. ಆಮೇಲೆ ಕಾಗದ ಓದಿದರೆ ಆ ಸಾಕೆಟ್ ಹೆಚ್ಚೆಂದರೆ ಕೊಡುವುದು 8 ಆಂಪ್. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದು ಕಾರಿನ ಬ್ಯಾಟರಿ ಸತ್ತಾಗ ಸ್ವಲ್ಪ ಜೀವ ತುಂಬುವುದಕ್ಕೆ ಸರಿ, ಇಷ್ಟು ದೊಡ್ಡ ಬ್ಯಾಟರಿಗಲ್ಲ. ಜನರೇಟರ್‌ನ ಏಸಿ ಪ್ಲಗ್‌ನಿಂದ (ಮನೆಯ ಕರೆಂಟಿನಂಥದ್ದು) ಗಾಡಿಗೆ ಕರೆಂಟ್ ಕೊಟ್ಟು, ಗಾಡಿಯೊಳಗಿನ ಚಾರ್ಜರ್‌ನಿಂದಲೇ ಬ್ಯಾಟರಿ ತುಂಬಬೇಕು.

ಹಾಗೆ ಮಾಡಿದಾಗ ಇನ್ನೊಂದು ಗೋಳು. ಗಾಡಿ ಜೊತೆ ಬಂದಿದ್ದ ಚಾರ್ಜರ್, ಅಂದರೆ ಆ ಏಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಕನ್ವರ್ಟರ್, ಯಾವಾಗಲೂ 13.6 ವೋಲ್ಟ್ ಒಂದನ್ನೇ ಕೊಡುವಂಥದ್ದು. ಶುರುವಿಗೆ 40 ಆಂಪ್ ಹೋಗುತ್ತದೆ, ಅರ್ಧ ಗಂಟೆಯೊಳಗೆ 15ಕ್ಕೆ ಇಳಿದು ಅಲ್ಲೇ ತೆವಳುತ್ತದೆ. ಜನರೇಟರ್ ಹೊರಗೆ ಗುರ್ ಅಂತ ಪೆಟ್ರೋಲ್ ಕುಡಿಯುತ್ತಿದೆ, ಒಳಗೆ ಬ್ಯಾಟರಿಗೆ ತೊಟ್ಟಿಕ್ಕುತ್ತಿದೆ. ವೈರ್ ಬೇರೆ ಸಣ್ಣದು. ಕನ್ವರ್ಟರ್‌ನಿಂದ ಬ್ಯಾಟರಿಗೆ 5 ಮೀಟರ್, ಹೋಗಿ ಬರಲು 10, ಎಲ್ಲಾ 6 ಚದರ ಮಿಲಿಮೀಟರ್‌ನದು. ಇದರಲ್ಲಿ 40 ಆಂಪ್ ಹರಿಸಿದರೆ 1.2 ವೋಲ್ಟ್ ದಾರಿಯಲ್ಲೇ ಮಾಯ. ಕನ್ವರ್ಟರ್‌ನ ಬಾಯಲ್ಲಿ 13.6 ಇದ್ದಿದ್ದು ಬ್ಯಾಟರಿ ಹತ್ತಿರ ಬರುವಾಗ 12.4! ಮೀಟರ್ ಎರಡೂ ಕಡೆ ಇಟ್ಟು ನೋಡಿದಾಗ ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ, ಎಷ್ಟು ದಿನ ಸೋಲಾರ್ ಕಿಟ್‌ಗೆ ಬೈದಿದ್ದೆ ನಾನು.

ಹಾಗಾಗಿ 45 ಆಂಪ್‌ನ ಮೂರು ಹಂತದ ಚಾರ್ಜರ್ (ಬ್ಯಾಟರಿ ತುಂಬುತ್ತಾ ಹೋದ ಹಾಗೆ ವೋಲ್ಟೇಜ್ ಬದಲಿಸುವಂಥದ್ದು) ತಂದು ಬ್ಯಾಟರಿಯಿಂದ ಒಂದು ಮೀಟರ್ ದೂರದಲ್ಲಿ ಕೂರಿಸಿದೆ, 16 ಚದರ ಮಿಲಿಮೀಟರ್ ವೈರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಇಡೀ ಸೆಟಪ್‌ನಲ್ಲಿ ಅತಿ ಹೆಚ್ಚು ಫಲ ಕೊಟ್ಟಿದ್ದು ಇದೇ. ಮೂರನೇ ಪ್ಯಾನೆಲ್ ಕೊಳ್ಳುವ ಯೋಚನೆ ಇತ್ತು, ಅದನ್ನು ಬಿಟ್ಟೆ. ಗಮನಿಸಿ, 45 ಆಂಪ್ ಚಾರ್ಜರ್ ಬ್ಯಾಟರಿಗೆ ಕೊಡುವುದು 650 ವಾಟ್ ಇರಬಹುದು, ಆದರೆ ಜನರೇಟರ್‌ನಿಂದ ಅದು ಎಳೆಯುವುದು ಅದಕ್ಕಿಂತ ಬಹಳ ಜಾಸ್ತಿ. ಚಾರ್ಜರ್‌ನೊಳಗಿನ ನಷ್ಟ, ಪವರ್ ಫ್ಯಾಕ್ಟರ್ (ಎಳೆದ ಕರೆಂಟೆಲ್ಲ ಕೆಲಸಕ್ಕೆ ಬರದಿರುವುದು) ಎರಡೂ ಸೇರಿ ನಮ್ಮದು 1100 ವಿಎ (ವೋಲ್ಟ್ ಗುಣಿಸು ಆಂಪ್) ಹತ್ತಿರ ಹೋಗುತ್ತದೆ. 1000 ವಾಟ್‌ನ ಪುಟಾಣಿ ಜನರೇಟರ್ ಆಗಿದ್ದರೆ ಓವರ್‌ಲೋಡ್ ಕೆಂಪು ಲೈಟ್ ಹತ್ತಿಸಿ ಕೂತುಬಿಡುತ್ತಿತ್ತು. ಎತ್ತರದ ಜಾಗಕ್ಕೆ ಹೋದರೆ ಗಾಳಿ ತೆಳು, ಪ್ರತಿ 300 ಮೀಟರ್‌ಗೆ ಶೇಕಡ ಮೂರೂವರೆಯಷ್ಟು ಶಕ್ತಿ ಕಡಿತ. 2000 ಮೀಟರ್‌ನಲ್ಲಿ ನಿಂತರೆ ನಮ್ಮ 1600 ವಾಟ್ ಜನರೇಟರ್ 1250ರ ಆಸುಪಾಸು. ಅವಾಗ ಚಾರ್ಜರ್ ಓಡುತ್ತಿರುವಾಗ ನೀರು ಕಾಯಿಸುವ ಎಲೆಕ್ಟ್ರಿಕ್ ಕೆಟಲ್ ಹಾಕಬಾರದು. ಹಾಕಿ ನೋಡಿಯೇ ಹೇಳುತ್ತಿದ್ದೇನೆ.

ಈಗ ಮುಖ್ಯ ಮಾತು. ಜನರೇಟರ್ ಓಡಿಸುವುದಿದ್ದರೆ ಬೆಳಿಗ್ಗೆ ಓಡಿಸಿ. ಹೆಚ್ಚಿನ ಜನ ಉಲ್ಟಾ ಮಾಡುತ್ತಾರೆ, ನಾನೂ ಮಾಡುತ್ತಿದ್ದೆ. ಹಗಲೆಲ್ಲ ಸೋಲಾರ್ ಏನು ಕೊಡುತ್ತದೋ ನೋಡೋಣ ಅಂತ ಕಾಯುವುದು, ಸಂಜೆ ಇನ್ನೂ ತುಂಬಿಲ್ಲ ಅಂತ ಜನರೇಟರ್ ಹಚ್ಚಿ ರಾತ್ರಿ ತನಕ ಓಡಿಸುವುದು. ಇದರಲ್ಲಿ ಪೆಟ್ರೋಲ್ ದಂಡ, ಪಕ್ಕದ ಗಾಡಿಯವರ ಹತ್ತಿರ ಬೈಗುಳ, ಬ್ಯಾಟರಿಯೂ ತುಂಬುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿ ಬಸ್ ಇದ್ದ ಹಾಗೆ. ಖಾಲಿ ಇದ್ದಾಗ ಜನ ನುಗ್ಗಿ ನುಗ್ಗಿ ಕೂರುತ್ತಾರೆ. ಮುಕ್ಕಾಲು ತುಂಬಿದ ಮೇಲೆ ಒಬ್ಬೊಬ್ಬರೇ "ಸ್ವಲ್ಪ ಸರೀರಿ" ಅಂತ ಜಾಗ ಮಾಡಿಕೊಳ್ಳಬೇಕು. ಹಿಂದೆ ಎಷ್ಟು ಜನ ತಳ್ಳಿದರೂ ಬಾಗಿಲಲ್ಲೇ ನಿಲ್ಲುತ್ತಾರೆ. ಶೇಕಡ 50ರಿಂದ 80, 85ರ ತನಕ ಬ್ಯಾಟರಿ ಕೊಟ್ಟಷ್ಟೂ ತೆಗೆದುಕೊಳ್ಳುತ್ತದೆ, ನಮ್ಮ ಚಾರ್ಜರ್‌ಗೆ ಅದು ಎರಡು ಗಂಟೆಯ ಕೆಲಸ. ಉಳಿದ ಹದಿನೈದಕ್ಕೆ ಇನ್ನೂ ಮೂರು ನಾಲ್ಕು ಗಂಟೆ ಬೇಕು, ಆಂಪ್ ಮಾತ್ರ ಇಳಿಯುತ್ತಲೇ ಹೋಗುತ್ತದೆ, 20, 10, 6. ಆ 6 ಆಂಪ್‌ಗೋಸ್ಕರ ಜನರೇಟರ್ ಓಡಿಸುವುದು ಶುದ್ಧ ಹುಚ್ಚುತನ. ಆದರೆ 6 ಆಂಪ್ ಕೊಡುವುದಕ್ಕೆ ಮಬ್ಬು ಬಿಸಿಲಿನ ಸೋಲಾರ್ ಕೂಡ ಸಾಕು. ಗಲಾಟೆಯ ದೊಡ್ಡ ಕೆಲಸ ಬೆಳಿಗ್ಗೆ ಜನರೇಟರ್‌ಗೆ, ನಿಧಾನದ ಕೆಲಸ ಇಡೀ ಹಗಲು ಸೋಲಾರ್‌ಗೆ.

ಈಗ ನಮ್ಮ ಪದ್ಧತಿ ಹೀಗಿದೆ. ಎದ್ದ ತಕ್ಷಣ ಮಾನಿಟರ್ ನೋಡುತ್ತೇನೆ. 60ರ ಮೇಲಿದ್ದು ಆಕಾಶ ಶುಭ್ರವಾಗಿದ್ದರೆ ಏನೂ ಮಾಡುವುದಿಲ್ಲ. ಅದಕ್ಕಿಂತ ಕೆಳಗಿದ್ದರೆ, ಅಥವಾ ಮೋಡ ಕವಿದಿದ್ದರೆ, ಎಂಟು ಗಂಟೆ ಕಳೆದ ಮೇಲೆ ಜನರೇಟರ್ ಹಚ್ಚುತ್ತೇನೆ. ಆಂಪ್ 25ಕ್ಕಿಂತ ಕೆಳಗೆ ಇಳಿದ ಕೂಡಲೇ ಆಫ್. ಗಡಿಯಾರ ನೋಡುವುದಿಲ್ಲ, ಆಂಪ್ ಮಾತ್ರ. ಮೊದಲು ದಿನಕ್ಕೆ ಐದಾರು ಗಂಟೆ ಓಡುತ್ತಿದ್ದದ್ದು ಈಗ ಮೋಡದ ದಿನವೂ ಎರಡು ಗಂಟೆ ದಾಟುವುದಿಲ್ಲ, ಬಿಸಿಲಿನ ವಾರದಲ್ಲಿ ಅದನ್ನು ಹೊರಗೆ ತೆಗೆಯುವುದೇ ಇಲ್ಲ. ಇಕೋ ಮೋಡ್ ಅಂತ ಒಂದು ಸ್ವಿಚ್ ಇದೆ, ಲೋಡ್ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಹಾಗೆ ಇಂಜಿನ್ ಸ್ಪೀಡ್ ಇಳಿಸುತ್ತದೆ. ಚಾರ್ಜಿಂಗ್‌ನ ಕೊನೆಯ ಅರ್ಧ ಗಂಟೆಯಲ್ಲಿ ಸದ್ದು ಇಳಿಯುವುದು ಕಿವಿಗೇ ಗೊತ್ತಾಗುತ್ತದೆ. ಈಗಂತೂ ಒಳಗೆ ಕೂತು ಸದ್ದು ಕೇಳಿಯೇ ಆಂಪ್ ಎಷ್ಟು ಅಂತ ನನ್ನ ಹೆಂಡತಿ ಹೇಳುತ್ತಾಳೆ, ಎರಡು ಮೂರು ಆಂಪ್ ಆಚೀಚೆ ಅಷ್ಟೇ.

ಒಂದು ದಿನ ಮಾತ್ರ ಮೈ ನಡುಗಿತು. ಜನರೇಟರನ್ನು ಗಾಡಿಯ ಹಿಂಬದಿಗೆ, ಎರಡು ಮೀಟರ್ ದೂರದಲ್ಲಿ ಇಟ್ಟು ಒಳಗೆ ಬಂದಿದ್ದೆ. ಸೈಲೆನ್ಸರ್ ಆಚೆ ಕಡೆ ತಿರುಗಿಸಿದ್ದೆ, ಸರಿಯಾಗಿಯೇ ಇತ್ತು. ಅರ್ಧ ಗಂಟೆಯಲ್ಲಿ ಗಾಳಿ ತಿರುಗಿದೆ, ಹಿಂದಿನ ಕಿಟಕಿ ಎರಡು ಬೆರಳಿನಷ್ಟು ತೆರೆದಿತ್ತು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿಕೊಂಡಾಗ ಮೊದಲು ನಾನು ಫ್ರಿಜ್ ಅಂದುಕೊಂಡೆ. ಆ ಗ್ಯಾಸ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಮಗೆ ಏನೂ ಗೊತ್ತಾಗಿರಲಿಲ್ಲ. ಈಗ ಆರು ಮೀಟರ್‌ಗಿಂತ ಹತ್ತಿರ ಇಡುವುದೇ ಇಲ್ಲ, ಆ ಕಡೆಯ ಕಿಟಕಿ ಎಲ್ಲಾ ಬಂದ್, ಮಲಗಿರುವಾಗ ಯಾವತ್ತೂ ಓಡಿಸುವುದಿಲ್ಲ. ಉದ್ದದ ಎಕ್ಸ್‌ಟೆನ್ಷನ್ ಕೇಬಲ್‌ಗೆ ಖರ್ಚು ಮಾಡಿ. ಅಲಾರಂ ಇಲ್ಲದೆ ಜನರೇಟರ್ ಕೊಳ್ಳಲೇಬೇಡಿ.

ಜನರೇಟರ್‌ನ ಆರೈಕೆ ಸುಲಭ. ಮೊದಲ 20 ಗಂಟೆಗೆ ಆಯಿಲ್ ಬದಲಿಸಿದೆ, ಆಮೇಲೆ 100 ಗಂಟೆಗೊಮ್ಮೆ. ತಿಂಗಳುಗಟ್ಟಲೆ ಎತ್ತಿಡುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರ್‌ನಲ್ಲಿ ಇರುವುದು ಮುಗಿದು ತಾನೇ ನಿಲ್ಲುವ ತನಕ ಓಡಿಸಿ ಇಡುತ್ತೇನೆ. ಒಂದು ಸಲ ಹಾಗೇ ಇಟ್ಟು ಅಂಟುಅಂಟಾದ ಜೆಟ್ಟನ್ನು ಸೂಜಿಯಿಂದ ಕೆರೆಯುತ್ತಾ ಅರ್ಧ ದಿನ ಕಳೆದಿದ್ದೇನೆ.

ಲೀಥಿಯಂ ಯಾಕೆ ಹಾಕಲಿಲ್ಲ ಅಂತ ಕೇಳುತ್ತಾರೆ. ಈ ಬ್ಯಾಟರಿ ಸತ್ತ ದಿನ ಹಾಕುತ್ತೇನೆ. ಎಲ್‌ಎಫ್‌ಪಿ ಅನ್ನುವ ಲೀಥಿಯಂ ಜಾತಿಯಲ್ಲಿ ಆ ಬಸ್ಸಿನ ತೊಂದರೆ ಇಲ್ಲ, ಕೊನೆಯ ತನಕ ಹೆಚ್ಚುಕಡಿಮೆ ಪೂರ್ತಿ ಆಂಪ್ ಎಳೆಯುತ್ತದೆ, ಅರೆಹೊಟ್ಟೆಯಲ್ಲಿ ಇದ್ದರೂ ಬೇಜಾರಿಲ್ಲ. ತೂಕವೂ ಅದೇ ಸೈಜಿನ ಲೆಡ್ ಆಸಿಡ್‌ನ ಅರ್ಧಕ್ಕಿಂತ ಕಮ್ಮಿ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವ ಹಾಗಿಲ್ಲ, ಮಾಡಿದರೆ ಸೆಲ್ ಹಾಳು. ನಮ್ಮ ಬ್ಯಾಟರಿ ಡಬ್ಬ ಇರುವುದು ಗಾಡಿಯ ಹೊರಗೆ, ಮೆಟ್ಟಿಲ ಕೆಳಗೆ, ಚಳಿಯ ಬೆಳಿಗ್ಗೆ ಅದರ ಮುಚ್ಚಳದ ಮೇಲೆ ಹಿಮ ಕೂತಿರುತ್ತದೆ. ಅದನ್ನು ಒಳಗೆ ಸೀಟಿನ ಕೆಳಗೆ ತರಬೇಕು. ಅಲ್ಲಿ ಈಗ ನನ್ನ ಹೆಂಡತಿಯ ಬೂಟು, ಶೂ, ಚಪ್ಪಲಿ ಇವೆ. ಮಾತುಕತೆ ನಡೆಯುತ್ತಿದೆ.